ಹನ್ನೊಂದು ಸಹಿಗಳ ಸಚ್ಚಾರಿತ್ರ್ಯ

ಸಚ್ಚಾರಿತ್ರ್ಯ ಸಂಘದ ಸ್ಥಾಪನಾ ಸಭೆಗೆ ಇಪ್ಪತ್ತಾರು ಜನ ಬಂದಿದ್ದರು. ಮುಗಿಯುವ ಹೊತ್ತಿಗೆ ಉಳಿದದ್ದು ನಾಲ್ವರು.

ಅದಕ್ಕೆ ಕಾರಣ ಅಧ್ಯಕ್ಷ. ಬಾಯಿ ತೆರೆದರೆ ಮುಚ್ಚಲು ಬಾರದ ಅವನನ್ನು ಇಡೀ ವಿಶ್ವವಿದ್ಯಾಲಯ ‘ಪ್ರವಚನ’ ಎಂದೇ ಕರೆಯುತ್ತಿತ್ತು. ಸದಸ್ಯರಾಗುವವರ ನಡತೆಯನ್ನು ಎಲ್ಲರೆದುರೇ ಒರೆಗೆ ಹಚ್ಚಬೇಕು, ಯಾರ ತಪ್ಪು ಯಾರಿಗೆ ಗೊತ್ತಿದ್ದರೂ ಎದ್ದು ಹೇಳಬೇಕು ಎಂಬ ಮೊದಲ ನಿಯಮ ಅವನದೇ.

“ಇವನು ಪರೀಕ್ಷೇಲಿ ನನ್ನ ಉತ್ತರ ನೋಡ್ಕೊಂಡು ಬರೆದಿದ್ದ,” ಎಂದಳು ರಸಾಯನಶಾಸ್ತ್ರದ ಹುಡುಗಿ.

“ಕೈ ಸರಿಸಿ ತೋರಿಸಿದ್ದು ಯಾರಮ್ಮ?” ಎಂದ ಅವನು.

ಇಬ್ಬರೂ ಹೊರಗೆ. ಆಮೇಲೆ ಸಭೆಗೆ ಹುರುಪು ಬಂತು. ಗ್ರಂಥಾಲಯದ ಪುಸ್ತಕದಿಂದ ಹಾಳೆ ಹರಿದವನು, ಬದುಕಿದ್ದ ಅಜ್ಜಿಯನ್ನು ಸಾಯಿಸಿ ರಜೆ ಪಡೆದವಳು, ಒಬ್ಬೊಬ್ಬರಾಗಿ ಇಳಿದು ಹೋದರು. ‘ಗುಮ್ಮ’ನ ಸರದಿ ಬಂದಾಗ ಮಾತ್ರ ಯಾರೂ ಏಳಲಿಲ್ಲ. ನಾಲ್ಕು ವರ್ಷದಿಂದ ತುಟಿ ಪಿಟಕ್ಕೆನ್ನದೆ ಸಂಶೋಧನೆ ಮಾಡುತ್ತಿದ್ದವನ ಬಗ್ಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಅಕ್ಷರ ಮುತ್ತಿನಂತಿದ್ದುದರಿಂದ ಅವನೇ ಕಾರ್ಯದರ್ಶಿಯಾದ.

ಗುಮ್ಮನಿಗೆ ಬೇಕಾಗಿದ್ದದ್ದು ಸಚ್ಚಾರಿತ್ರ್ಯವಲ್ಲ, ಕೋಣೆ. ನೋಂದಣಿಯಾದ ಸಂಘಕ್ಕೆ ಎರಡನೇ ಮಹಡಿಯ ತುದಿಯಲ್ಲೊಂದು ಕೋಣೆ ಸಿಗುತ್ತಿತ್ತು, ಬೀಗದ ಕೈ ಕಾರ್ಯದರ್ಶಿಯ ಹತ್ತಿರ. ಹಾಸ್ಟೆಲಿನಲ್ಲಿ ಅವನ ಜೊತೆಗಿದ್ದವರಲ್ಲಿ ಒಬ್ಬ ಕೊಳಲು ಕಲಿಯುತ್ತಿದ್ದ, ಇನ್ನೊಬ್ಬ ಫೋನಿನಲ್ಲಿ ಮದುವೆ ಮುರಿದುಕೊಳ್ಳುತ್ತಿದ್ದ. ಪ್ರಬಂಧದ ಕೊನೆಯ ಅಧ್ಯಾಯ ಆರು ತಿಂಗಳಿಂದ ಅದೇ ಪುಟದಲ್ಲಿ ಕೂತಿತ್ತು.

ನೋಂದಣಿಗೆ ಹದಿನೈದು ಸಹಿ ಬೇಕು, ಅದೂ ಅಂದೇ ಸಂಜೆ ನಾಲ್ಕರೊಳಗೆ.

“ಹೋದವರ ಸಹಿ ನೀನೇ ಹಾಕಿಬಿಡು,” ಎಂದ ಪ್ರವಚನ. “ಕದ್ದುಮುಚ್ಚಿ ಮಾಡಿದ್ರೆ ತಾನೇ ಅದು ಮೋಸ? ನಾವು ಠರಾವು ಮಾಡಿಯೇ ಮಾಡೋಣ.”

ನಾಲ್ವರೂ ಕೈಯೆತ್ತಿದರು. ‘ಹನ್ನೊಂದು ಸಹಿಗಳನ್ನು ಕಾರ್ಯದರ್ಶಿಯೇ ಹಾಕತಕ್ಕದ್ದು’ ಎಂದು ಗುಮ್ಮ ನಡಾವಳಿ ಪುಸ್ತಕದಲ್ಲಿ ಬರೆದ. ಆಮೇಲೆ ಸದಸ್ಯರ ಪಟ್ಟಿಯಲ್ಲಿ ಹಾಕಿದ.

ಕಚೇರಿಯ ಗುಮಾಸ್ತೆ ಆ ಪುಟ ಓದಿ ಕನ್ನಡಕ ತೆಗೆದರು.

“ಇದೇನಪ್ಪ, ಕಳ್ಳತನಕ್ಕೆ ಹೋಗೋ ಮುಂಚೆ ಅರ್ಜಿ ಕೊಟ್ಟ ಹಾಗಿದೆ? ಸಹಿ ಎಲ್ಲರೂ ಹೀಗೇ ತರೋದು. ಟೇಬಲ್ ಟೆನಿಸ್‌ನವರು ಪಾಪ, ಸಹಿಗೊಂದು ಪೆನ್ನು ಬದಲಾಯಿಸಿದ್ರು. ಬರೆದಿಟ್ಟು ತಂದೋರು ನೀವೇ ಮೊದಲು.”

ಅವರು ಪುಸ್ತಕವನ್ನು ಗುಮ್ಮನ ಕಡೆಗೆ ವಾಪಸು ಸರಿಸಿದರು.

“ಈ ಹಾಳೆ ಹರಿದು ಬೇರೆ ಬರ್ಕೊಂಡು ಬಾ ಮಗ. ಟೀ ಕುಡಿದು ಬರ್ತೀನಿ, ಅಷ್ಟರೊಳಗೆ.”

ಅವರ ಕುರ್ಚಿ ಖಾಲಿಯಾಯಿತು. ಗೋಡೆಯ ಹಲಗೆಯ ಮೇಲೆ ಕೋಣೆಯ ಬೀಗದ ಕೈ ತೂಗಾಡುತ್ತಿತ್ತು. ಗುಮ್ಮ ಹಾಳೆ ಹರಿದು ಬುಟ್ಟಿಗೆ ಹಾಕಿದ. ‘ಹದಿನೈದು ಮಂದಿಯೂ ಖುದ್ದಾಗಿ ಹಾಜರಿದ್ದು ಸಹಿ ಮಾಡಿದರು’ ಎಂದು ಹೊಸದಾಗಿ ಬರೆದ. ಅಕ್ಷರ ಮೊದಲಿಗಿಂತ ಚೆನ್ನಾಗಿ ಬಂತು.

ಒಂಬತ್ತು ದಿನ ಆ ಕೋಣೆ ಅವನದಾಗಿತ್ತು. ಹದಿನೇಳು ಪುಟ ಬರೆದ. ಹತ್ತನೆಯ ದಿನ ಸೂಚನಾ ಫಲಕದಲ್ಲಿ ಸ್ಥಾಪಕ ಸದಸ್ಯರ ಪಟ್ಟಿ ಬಂತು. ರಸಾಯನಶಾಸ್ತ್ರದ ಹುಡುಗಿ ಅದರಲ್ಲಿ ತನ್ನ ಹೆಸರನ್ನು, ಪಕ್ಕದಲ್ಲಿ ತಾನು ಹಾಕದ ಸಹಿಯನ್ನು ಕಂಡಳು.

ತುರ್ತು ಸಭೆ ಸೇರಿತು. ಪ್ರವಚನ ನಡಾವಳಿ ಪುಸ್ತಕ ತಿರುವಿ ನಿಟ್ಟುಸಿರು ಬಿಟ್ಟ.

“ಎಲ್ಲರೂ ಖುದ್ದಾಗಿ ಬಂದಿದ್ರು ಅಂತ ನಿನ್ನ ಕೈಯಲ್ಲೇ ಬರೆದಿದೀಯಲ್ಲೋ. ಇಂಥ ಸುಳ್ಳಾ, ನಮ್ಮ ಸಂಘದಲ್ಲಿ?”

“ಠರಾವು ಆಗಿತ್ತಲ್ಲ,” ಎಂದ ಗುಮ್ಮ. ವರ್ಷಗಳ ಮೇಲೆ ಅವನು ಸಭೆಯಲ್ಲಿ ಆಡಿದ ಮೊದಲ ಮಾತು.

“ಎಲ್ಲಿದೆ, ತೋರಿಸು.”

ಉಳಿದಿಬ್ಬರು ಕಿಟಕಿಯಾಚೆ ಏನೋ ಇದ್ದಂತೆ ನೋಡುತ್ತಿದ್ದರು. ಗುಮ್ಮನಿಗೆ ಕಚೇರಿಯ ಬುಟ್ಟಿ ನೆನಪಾಯಿತು. ದಿನಾ ಬೆಳಿಗ್ಗೆ ಖಾಲಿ ಮಾಡುತ್ತಿದ್ದರು.

ಕಾರ್ಯದರ್ಶಿಯನ್ನು ಸಂಘದಿಂದ ತೆಗೆದುಹಾಕಲು ಮೂರು ಕೈಗಳು ಎದ್ದವು. ಬೀಗದ ಕೈ ಮೇಜಿನ ಮೇಲೆ ಬಂತು. ಅದನ್ನೆತ್ತಿ ಜೇಬಿಗೆ ಹಾಕಿಕೊಂಡ ಪ್ರವಚನ, ಪುಸ್ತಕವನ್ನು ಮಾತ್ರ ಅವನ ಕಡೆಗೇ ಸರಿಸಿದ.

“ಹೋಗೋ ಮುಂಚೆ ಇದನ್ನೂ ನೀನೇ ಬರೆದುಬಿಡು ಮಾರಾಯ. ನಮ್ಮ ಅಕ್ಷರ ನಮಗೇ ಓದೋಕೆ ಬರಲ್ಲ.”

ಗುಮ್ಮ ಪೆನ್ನಿನ ಮುಚ್ಚಳ ತೆಗೆದ. ಸ್ಥಾಪನಾ ಸಭೆಯ ದಿನಾಂಕದಿಂದ ಶುರುಮಾಡಿ, ನಡೆದದ್ದನ್ನು ನಡೆದ ಹಾಗೆಯೇ ಬರೆಯತೊಡಗಿದ.