ಮತಯಂತ್ರಕ್ಕೊಂದು ಮೇಜು

ನಮ್ಮೂರ ಶಾಲೆಗೆ ಬೀಗ ಬಿದ್ದ ಮೇಲೆ ತುಂಗಮ್ಮನ ಮಗಳು ಅರ್ಪಣಾ ಕೂಲಿಗೆ ಹೊರಟಳು. ಮೂರನೇ ಕ್ಲಾಸಿನ ಕೂಸು. ತಾಯಿಯ ಹಿಂದೆ ಸೊಪ್ಪಿನ ಹೊರೆ ಹೊರುತ್ತಿತ್ತು. ಸರ್ಕಾರ ತೋರಿಸಿದ ಶಾಲೆ ಕಾಡಿನ ಆಚೆ, ಕೆರೆಕಟ್ಟೆ ರಸ್ತೆಯಲ್ಲಿ. ಮಳೆಗಾಲದಲ್ಲಿ ಹಳ್ಳ ದಾಟುವಂತಿಲ್ಲ, ಬೇಸಿಗೆಯಲ್ಲಿ ಕಾಡುಕೋಣದ ಭಯ. ಮಕ್ಕಳು ಕಡಿಮೆ ಎಂದು ಮುಚ್ಚಿದರು. ನಮ್ಮನ್ನು ಒಂದು ಮಾತು ಕೇಳಲಿಲ್ಲ.

ಮುಚ್ಚಿದ ದಿನ ತಾಲೂಕು ಕಚೇರಿಯ ಮಹೇಶ್ವರ ಎಂಬ ಸಾಹೇಬರು ಟೆಂಪೊ ತಂದಿದ್ದರು. ಬೆಂಚು, ಕರಿಹಲಗೆ, ಬಿಸಿಯೂಟದ ಪಾತ್ರೆ, ಮೇಜು ಎಲ್ಲ ಹೇರಿಸಿದರು. ಆ ಮೇಜನ್ನು ಬಡಗಿ ತಿಮ್ಮಣ್ಣ ಗಾಳಿಗೆ ಬಿದ್ದ ಹಲಸಿನ ಮರದಲ್ಲಿ ಮಾಡಿಕೊಟ್ಟಿದ್ದ.

"ಅದು ಊರಿಂದು ಸ್ವಾಮಿ" ಎಂದ.

"ಶಾಲೆ ಒಳಗಿದ್ದದ್ದೆಲ್ಲ ಸರ್ಕಾರದ್ದು."

ಮೊಮ್ಮಕ್ಕಳನ್ನು ಕಂಡ ಮೇಲೆ ನಾನು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತದ್ದು ಅದೇ ಮೇಜಿನ ಮುಂದೆ ಕೂತು. ಟೆಂಪೊ ತಿರುವು ದಾಟುವವರೆಗೂ ನೋಡಿದೆ.

ಮುಂದಿನ ಬೇಸಿಗೆಗೆ ಎಲೆಕ್ಷನ್ ಬಂತು. ಮತಗಟ್ಟೆ ಎಲ್ಲಿ? ಅದೇ ಶಾಲೆ! ಮತದಾನದ ಹಿಂದಿನ ದಿನ ಜೀಪಿನಿಂದ ಮತಯಂತ್ರ ಇಳಿಯಿತು, ಅದರ ಹಿಂದೆ ಅದೇ ಮಹೇಶ್ವರ. ಚುನಾವಣೆ ಕೆಲಸಕ್ಕೆ ಬಂದವರಲ್ಲಿ ನಮ್ಮ ಶಾಲೆಯಿಂದ ವರ್ಗವಾಗಿ ಹೋದ ವನಜಮ್ಮ ಟೀಚರೂ ಇದ್ದರು. ಬೀಗ ತೆಗೆದರೆ ಒಳಗೆ ಬರೀ ನೆಲ, ಬಾವಲಿ ಹಿಕ್ಕೆ.

"ಯಂತ್ರ ಎಲ್ಲಿ ಇಡೋದು?" ಎಂದರು ಸಾಹೇಬರು.

ಎಲೆಕ್ಷನ್ನಿಗೆ ಬಂದವರಿಗೆ ಬೇಕಾದ್ದನ್ನು ಊರೇ ಒದಗಿಸುವುದು ನಮ್ಮಲ್ಲಿ ರೂಢಿ. ಈ ಸಲವೂ ಗಂಜಿ, ಚಾಪೆ ಕೊಟ್ಟೆವು. ಮೇಜು ಮಾತ್ರ ಇಲ್ಲ ಎಂದೆವು. ಸಾಹೇಬರು ಮನೆ ಮನೆ ಹತ್ತಿಳಿದರು.

"ಎಂತ ತಿಮ್ಮಣ್ಣ, ಬಡಗಿ ಮನೇಲಿ ಮೇಜಿಲ್ವಾ?"

"ಇತ್ತು. ನೀವೇ ತಗಂಡ್ ಹೋದ್ರಲ್ಲ."

"ದೇಶದ ಕೆಲಸ ಮಾರಾಯ. ಎಲೆಕ್ಷನ್ನಿಗೆ ಅಡ್ಡಿ ಮಾಡಿದ್ರೆ ಕೇಸ್ ಹಾಕಿಸ್ತೀನಿ."

"ಅಡ್ಡಿ ಯಾರು ಮಾಡಿದ್ರು?" ತುಂಗಮ್ಮ ಹೊರೆ ಇಳಿಸಿದಳು. "ನಾಳೆ ಎಲ್ರಿಗಿಂತ ಮೊದ್ಲು ನಾನೇ ಓಟು ಹಾಕ್ತೀನಿ. ಅದು ನಮ್ದು, ಬಿಡೂದಿಲ್ಲ. ಮನೇಲಿ ಮೇಜಿಲ್ಲ ಅಂದೆ ಅಷ್ಟೆ. ಮೇಜಿಲ್ದೇ ಇದ್ದದ್ದಕ್ಕೂ ಕೇಸ್ ಉಂಟಾ?"

ವನಜಮ್ಮ ಟೀಚರ್ ಆಚೆ ತಿರುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಸಾಹೇಬರು ನನ್ನತ್ತ ತಿರುಗಿದರು. "ಅಜ್ಜಿ, ನೀವಾದ್ರೂ ಹೇಳಿ."

"ಒಂದು ದಿನದ ಯಂತ್ರಕ್ಕೆ ಮೇಜು ಬೇಕು ಅಂತ ಇವತ್ತು ಗೊತ್ತಾಯ್ತು ನಿಮಗೆ. ದಿನಾ ಕಲಿಯೋ ಮಕ್ಳಿಗೆ ಬೇಡಾಗಿತ್ತಾ? ತಗಂಡ್ ಹೋದ ದಾರಿ ಗೊತ್ತುಂಟಲ್ಲ, ತನ್ನಿ."

ಬೈದುಕೊಳ್ಳುತ್ತಲೇ ಹೋದರು. ಸಂಜೆಗೆ ಟೆಂಪೊ ಬಂತು. ಹಲಸಿನ ಮೇಜು, ಜೊತೆಗೆ ಸಿಬ್ಬಂದಿಗೆ ಕೂರಲು ಬೆಂಚುಗಳು.

ಮರುದಿನ ಊರಿಗೆ ಊರೇ ಓಟು ಹಾಕಿತು. ಹೇಳಿದಂತೆ ಮೊದಲ ಓಟು ತುಂಗಮ್ಮನದು. ಸಂಜೆ ಮತಯಂತ್ರಕ್ಕೆ ಸೀಲು ಬಿತ್ತು, ಟೀಚರ್ ಅದರ ಹಿಂದೆ ಜೀಪಿಗೆ ನಡೆದರು. ಸಾಮಾನು ಒಯ್ಯಲು ಟೆಂಪೊ ಬಾಗಿಲಿಗೆ ಬಂದು ನಿಂತಿತು.

ಒಳಗೆ ಬೆಂಚುಗಳ ಮೇಲೆ ಊರಿನ ಮಕ್ಕಳೆಲ್ಲ ಕೂತಿದ್ದವು.

"ಎತ್ರೋ ಬೆಂಚು!" ಸಾಹೇಬರು ಹಮಾಲಿಗಳಿಗೆ ಕೂಗಿದರು.

"ಎತ್ತಿ, ಎತ್ತಿ" ಎಂದಳು ತುಂಗಮ್ಮ. "ಮಕ್ಳ ಸಮೇತ ಎತ್ತಿ."

ಹಮಾಲಿಗಳು ಬೆಂಚು ಮುಟ್ಟದೆ ಹಿಂದೆ ಸರಿದರು. ಕರಿಹಲಗೆ ಇರಲಿಲ್ಲ. ಗೋಡೆಗೆ ಅಂಟಿಸಿದ್ದ ಮತಗಟ್ಟೆಯ ಚೀಟಿಯನ್ನೇ ಅರ್ಪಣಾಳಿಗೆ ತೋರಿಸಿದೆ. ಬೆರಳಿಟ್ಟು ಓದತೊಡಗಿದಳು. "ಸರ್ಕಾರಿ... ಕಿರಿಯ... ಪ್... ಪ್ರ..." ಒಂದು ವರ್ಷ ಸೊಪ್ಪು ಹೊತ್ತ ಕೂಸು. ಅಲ್ಲೇ ನಿಂತಿತು.

"ಪ್ರಾಥಮಿಕ!" ಜೀಪಿನ ಹತ್ತಿರದಿಂದ ವನಜಮ್ಮ ಟೀಚರ್ ಕೂಗಿದರು. "ಮುಂದೆ ಓದು ಅರ್ಪಣಾ."

"ರೀ ಮೇಡಂ, ಜೀಪ್ ಹತ್ರಿ!" ಸಾಹೇಬರು ಗುಡುಗಿದರು.

"ಪ್ರಾಥಮಿಕ ಶಾಲೆ" ಎಂದು ಓದಿ ಮುಗಿಸಿದಳು ಅರ್ಪಣಾ.

ಟೆಂಪೊ ಖಾಲಿ ಹೋಯಿತು. ಬೀಗ ಸಾಹೇಬರ ಕೈಯಲ್ಲೇ ಇತ್ತು. ಹಾಕಲು ಬಾಗಿಲು ಮುಚ್ಚಬೇಕಲ್ಲ, ಹೊಸ್ತಿಲ ಮೇಲೆ ನಾವು ಕೂತಿದ್ದೆವು.