ಹಗ್ಗದ ಮೇಲಿನ ಲಂಗ

ಸರ್ಕಾರಿ ವಕೀಲರು ತಮ್ಮ ವಾದಕ್ಕೆ ಆಧಾರವಾಗಿ ಕೊಟ್ಟಿದ್ದ ಎಪ್ಪತ್ತು ವರ್ಷ ಹಳೆಯ ತೀರ್ಪನ್ನು ಓದಿದಾಗಿನಿಂದ ನನಗೆ ಭಯ ಹತ್ತಿತ್ತು. ಯಾದಗಿರಿ ಕೋರ್ಟಿನ ಬೇವಿನ ಮರದ ಕೆಳಗೆ ಗೊಲ್ಲಾಳಮ್ಮ ಕಾಯುತ್ತಿದ್ದಳು. ಅವಳ ಮಗ ದೇವಿಂದ್ರನ ಮೇಲೆ ಊರಿನ ಹುಡುಗಿಯೊಬ್ಬಳನ್ನು ಬಾವಿಗೆ ತಳ್ಳಿ ಕೊಂದ ಆರೋಪ. ಅವನ ವಕೀಲೆ ನಾನು. ಇವತ್ತು ಕೊನೆಯ ವಾದ.

“ಅದ್ರಾಗ ಏನ್ ಬರ್ದಾರ್ರಿ? ನನಗೂ ಓದಿ ಹೇಳ್ರಿ,” ಎಂದಳು.

ಕನ್ನಡದಲ್ಲಿ ಹೇಳುತ್ತಾ ಹೋದೆ. ಅದೂ ಬಾವಿಯಲ್ಲಿ ಸತ್ತ ಹುಡುಗಿಯ ಕತೆಯೇ. ತಾಯಿ ಇಂದಿಗೂ ಮಗಳ ಲಂಗವನ್ನು ದಿನಾ ಒಗೆದು ಹಗ್ಗದ ಮೇಲೆ ಒಣಹಾಕುತ್ತಾಳೆ, ಸಂಜೆ ಮಡಚಿ ದಿಂಬಿನ ಪಕ್ಕ ಇಡುತ್ತಾಳೆ, ಈ ತಾಯಿಗೆ ನ್ಯಾಯಾಲಯ ಏನು ಉತ್ತರ ಕೊಡಬೇಕು ಎಂದು ಜಡ್ಜ್ ಎರಡು ಪುಟ ಬರೆದಿದ್ದರು. ಕೊನೆಗೆ ಆರೋಪಿಗೆ ಗಲ್ಲು. ಓದುವಾಗ ಅವನೇ ತಪ್ಪಿತಸ್ಥ ಎಂದು ನನಗೂ ಅನ್ನಿಸಿಬಿಟ್ಟಿತ್ತು. ಇವತ್ತಿನ ಜಡ್ಜ್‌ಗೂ ಹಾಗೇ ಅನ್ನಿಸಿದರೆ ಎಂಬುದೇ ನನ್ನ ಭಯ.

ಗೊಲ್ಲಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಚಲೋ ಮಾಡ್ಯಾರ್ರಿ. ಅಂಥಾವ್ನಿಗೆ ಗಲ್ಲೇ ಆಗಬೇಕು.”

“ಆ ಕೇಸಿನಾಗ ಅವ ತಳ್ಳಿದ್ದು ಯಾರೂ ನೋಡಿಲ್ಲ ಯವ್ವಾ!” ನಾನು ರೇಗಿದೆ. “ಬಾವಿ ಕಡಿ ಹೊಂಟಿದ್ದ ಅಂತ ಒಬ್ಬ ಹೇಳ್ಯಾನ. ಸಾಕ್ಷಿ ಅಂದ್ರ ಅದೊಂದೇ ಸಾಲು.”

ಸೆರಗು ಹಿಡಿದ ಅವಳ ಕೈ ಅಲ್ಲೇ ನಿಂತಿತು. ದೇವಿಂದ್ರನ ವಿರುದ್ಧ ಇರುವುದೂ ಅಷ್ಟೇ ಎಂದು ಅವಳಿಗೆ ಗೊತ್ತಿತ್ತು.

ಆಮೇಲೆ ಕೋರ್ಟಿನ ಬಾಗಿಲ ಕಡೆ ನೋಡುತ್ತಾ ಪಿಸುಗುಟ್ಟಿದಳು: “ವಕೀಲಮ್ಮಾ, ಇವತ್ತ ನಮ್ಮೂರಿನ ಆ ಹುಡುಗಿ ತಾಯಿನೂ ಬರ್ತಾಳೇನ್ರಿ?”