ಬಾಲಕ್ಕೊಂದು ಬೆಳ್ಳಿ ಉಂಗುರ

ಕರಜಗಿಯ ಬೀರವ್ವ ದಿನಾ ಕುರಿಹಟ್ಟಿಯ ಕಸ ಬಳಿದು, ರೊಟ್ಟಿ ಬಡಿದಿಟ್ಟು, ಆಮೇಲೆ ಊರ ಸಾಲಿಯ ಕಸ ಹೊಡೆಯಲು ಹೋಗುತ್ತಿದ್ದಳು. ಜತ್ತ ಸಂಸ್ಥಾನ ಮುಳುಗಿ ಐದು ವರ್ಷವಾಗಿತ್ತು; ಊರ ಹಿರಿಯರ ದರ್ಬಾರು ಮಾತ್ರ ಮುಳುಗಿರಲಿಲ್ಲ.

ಸಾಲಿಯ ಮೂಲೆಯ ಖೋಲಿಯನ್ನು ಶ್ರೀಶೈಲಪ್ಪ ಮಾಸ್ತರರು ವಸ್ತುಸಂಗ್ರಹಾಲಯ ಮಾಡಿದ್ದರು. ದೊಡ್ಡ ಶಹರದ ಸಂಗ್ರಹಾಲಯ ನೋಡಿ ಬಂದವರು, ಕುಂಬಾರನನ್ನು ಕಾಡಿ ಬೇಡಿ ಮಣ್ಣಿನ ತಲೆಬುರುಡೆ ಮಾಡಿಸಿ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದರು. ಮೊದಲು ವಾನರನದು, ಕೊನೆಗೆ ಮನುಷ್ಯನದು, ನಡುವೆ ಮೂರು. ಪಕ್ಕದಲ್ಲಿ ಹೆಬ್ಬೆರಳಷ್ಟು ಸಣ್ಣದೊಂದು ಎಲುಬು, ಅದೂ ಮಣ್ಣಿನದೇ.

“ಇದೇನ್ರಿ ಮಾಸ್ತರ?” ಎಂದಳು ಬೀರವ್ವ.

“ಬಾಲದ ಬೇರು, ಬೀರವ್ವಾ. ಕೋಟಿಗಟ್ಟಲೆ ವರ್ಷದ ಹಿಂದ ನಮ್ಮ ಹಿರ್ಯಾರಿಗೆ ಬಾಲಾ ಇತ್ತು. ಬಾಲಾ ಹೋತು, ಬೇರು ಉಳೀತು. ನನಗೂ ಐತಿ, ನಿನಗೂ ಐತಿ. ಮನಿಗಿ ಹೋಗಿ ಬೆನ್ನಿನ ತುದಿ ಒತ್ತಿ ನೋಡ್ಕೋ.”

ಮನೆಯಲ್ಲಿ ಒತ್ತಿ ನೋಡಿಕೊಂಡಳು. ಹೌದು, ಇತ್ತು! ಮೂರು ತಿಂಗಳ ಬಸುರಿ ಒಬ್ಬಳೇ ನಕ್ಕಳು.

ಆ ಖೋಲಿ ಹದಿನೈದು ದಿನವೂ ಬಾಳಲಿಲ್ಲ. ಊರ ಹಿರಿಯರು ಬಡಿಗೆ ಹಿಡಿದು ಬಂದರು; ಮುಂದಾಳು ಬೀರವ್ವನ ಮಾವ ಶಿದ್ರಾಯ.

“ನಾವೇನ್ ಮಂಗ್ಯಾನ ಹೊಟ್ಟಿಲೆ ಹುಟ್ಟೇವೇನು? ಧರ್ಮಾ ಕೆಡಸಾಕ ಬಂದೀರಿ ಮಾಸ್ತರ!” ಎಂದು ಅಬ್ಬರಿಸಿ, ಬುರುಡೆಗಳನ್ನು ಒಡೆದು, ಬಾಗಿಲಿಗೆ ಕೀಲಿ ಜಡಿದರು. ಚೂರು ಬಳಿಯುವಾಗ ಬೀರವ್ವನಿಗೆ ಆ ಸಣ್ಣ ಎಲುಬು ಸಿಕ್ಕಿತು. ಒಡೆದಿರಲಿಲ್ಲ. ಉಡಿಯಲ್ಲಿ ಕಟ್ಟಿಕೊಂಡಳು.

ಆರು ತಿಂಗಳಿಗೆ ಗಂಡು ಹೆತ್ತಳು. ಕೂಸಿನ ಬೆನ್ನಿನ ತುದಿಗೆ ಎರಡು ಬೆರಳುದ್ದದ ಮೆತ್ತನೆಯ ಬಾಲ!

ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ, ನೋಡಿರಿ. ಮಂಗನ ನಂಟು ಅಂದರೆ ಉರಿದುಬಿದ್ದ ಅದೇ ಬಾಯಿಗಳು “ಹಣಮಪ್ಪ ಹುಟ್ಟಿ ಬಂದಾನ!” ಎಂದು ಕೂಗಿದವು. ಅದೇ ಖೋಲಿಯ ಕೀಲಿ ತೆಗೆದು ತೊಟ್ಟಿಲು ಇಟ್ಟರು. ಬುರುಡೆಯಿದ್ದ ಹಲಗೆಯ ಮೇಲೆ ಊದಿನಕಡ್ಡಿ ಹಚ್ಚಿದರು. ಬಿಳೂರು, ಉಮದಿಯಿಂದ ಬಂದ ಮಂದಿ ಹಸುಗೂಸನ್ನು ಬೋರಲು ಹಾಕಿ, ಬಾಲಕ್ಕೆ ಕುಂಕುಮ ಬಳಿದು, ಎಣ್ಣೆ ಸುರಿದು, ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ಹೆತ್ತವಳು ಮೊಲೆ ಕೊಡಲೂ ಪಾಳಿ ಕಾಯಬೇಕಂತೆ! ಬೆಂಕಿ ಬೀಳಲಿ ಇಂಥ ಭಕ್ತಿಗೆ.

ಹರಕೆ ಹೊತ್ತವನೊಬ್ಬ ಬಾಲಕ್ಕೆ ಬೆಳ್ಳಿ ಉಂಗುರ ತೊಡಿಸಿ ಹೋದ. ಬುಧವಾರ ಬೀರವ್ವ ನೋಡಿದಾಗ ಬಾಲ ಬಾತು ಉಂಗುರವೇ ಕಾಣುತ್ತಿರಲಿಲ್ಲ. ತುದಿ ಕಪ್ಪಿಟ್ಟಿತ್ತು.

“ಮಾವ, ಕೂಸಿನ ಮೈ ಕೆಂಡ ಆಗೇತ್ರಿ. ಉಂಗುರಾ ಕತ್ತರಸ್ರಿ. ಮಿರಜಿ ದವಾಖಾನಿಗಿ ಒಯ್ಯೂಣು, ಕಾಲಿಗಿ ಬೀಳತೀನಿ.”

“ದೇವರಿಗೆ ಸೂಜಿ ಚುಚ್ಚಸ್ತೀ? ಊರಿನ ಶನೀನ ಹಣಮಪ್ಪ ನುಂಗ್ಯಾನ, ಅದಕ್ಕ ಕರ್ರಗ ಆಗ್ಯಾನ. ಶನಿವಾರ ಪೂಜಿ ಆಗಲಿ, ಎಲ್ಲಾ ಇಳೀತೈತಿ.”

ಗಂಡ ಧೂಳಪ್ಪ ನೆಲ ನೋಡಿದ. ಮಾಸ್ತರರು ಓಡಿ ಬಂದು ಕೈ ಮುಗಿದರು. “ಶಿದ್ರಾಯಪ್ಪಾ, ತಾಯಿ ಹೊಟ್ಟ್ಯಾಗ ಎಲ್ಲಾ ಕೂಸಿಗೂ ಮೊದಲ ಬಾಲಾ ಇರತೈತಿ, ಕರಗತೈತಿ. ಇದಕ್ಕ ಕರಗಿಲ್ಲ, ಅಷ್ಟ. ಉಂಗುರಾ ಬಿಗದು ರಕ್ತಾ ಓಡಾಕ ದಾರಿ ಇಲ್ಲ, ನಂಜು ಏರತೈತಿ, ಲಗೂನ ಕಳಸ್ರಿ!” ಅವರನ್ನು ಕುತ್ತಿಗೆ ಹಿಡಿದು ನೂಕಿದರು. ಬಾಗಿಲಿಗೆ ನಾಲ್ವರು ಬಡಿಗೆಯವರು ಕಾವಲು ನಿಂತರು. ಕೂಸನ್ನೆತ್ತಿಕೊಂಡು ಎರಡು ಸಲ ಹೊರಟ ಬಾಣಂತಿಯನ್ನು ಎರಡು ಸಲವೂ ಒಳಗೆ ದಬ್ಬಿದರು.

ಶನಿವಾರ ಆರತಿ ನಡೆದಿತ್ತು. ಯಾರಿಗೂ ಗೊತ್ತಾಗಲಿಲ್ಲ. ಬೀರವ್ವನಿಗೆ ಗೊತ್ತಾಯಿತು. ಮೊಲೆ ಬಾಯಿಗಿಟ್ಟರೆ ತುಟಿ ಅಲುಗಲಿಲ್ಲ.

“ಹಣಮಪ್ಪ ತನ್ನ ಜಾಗಾಕ ಹೋದ,” ಎಂದ ಶಿದ್ರಾಯ. “ಇಲ್ಲೇ ತಗ್ಗು ತೋಡ್ರಿ. ಗುಡಿ ಕಟ್ಟೂಣು.”

ಬೀರವ್ವ ಕೂಸನ್ನು ಎದೆಗವಚಿಕೊಂಡು ಎದ್ದಳು. ಅಂದಿನವರೆಗೆ ಮಾವನ ಮುಂದೆ ಸೆರಗು ಸರಿಸದವಳು ಉಡಿಯಿಂದ ಮಣ್ಣಿನೆಲುಬು ತೆಗೆದು ಅವನ ಮುಖದ ಮುಂದೆ ಹಿಡಿದಳು.

“ನೀ ಒಡ್ಯಾಕ ಬಂದಿದ್ದ ಎಲುಬು ಇದು. ನಿನ್ನ ಬೆನ್ನಿನ ತುದ್ಯಾಗೂ ಐತಿ, ಒತ್ತಿ ನೋಡ್ಕೋ! ನಿನಗ ಯಾರರ ಕಾಯಿ ಒಡದ್ರೇನು? ನಿನಗ ಉಂಗುರಾ ಹಾಕಿ ಯಾರರ ಕೊಂದ್ರೇನು? ಇದು ದೇವರಲ್ಲ, ನನ್ನ ಕೂಸು. ಕೊಂದವ್ರು ನೀವು. ಕೊಂದವ್ರು ಕಟ್ಟೂ ಗುಡ್ಯಾಗ ನಾ ಇದನ್ನ ಇಡಾಂಗಿಲ್ಲ.”

ಊದಿನಕಡ್ಡಿಯನ್ನು ಕೈಯಿಂದ ಬಳಿದೆಸೆದು, ಎಲುಬನ್ನು ಹಲಗೆಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟು, ಹೊಲದ ಕಡೆ ನಡೆದಳು. ಬಡಿಗೆಯವರು ದಾರಿ ಬಿಟ್ಟರು. ಧೂಳಪ್ಪ ತಗ್ಗು ತೋಡುವವನ ಕೈಯಿಂದ ಸಲಿಕೆ ಕಸಿದುಕೊಂಡು ಅವಳ ಹಿಂದೆ ಹೋದ.

ಶಿದ್ರಾಯ ಹಲಗೆಯ ಮೇಲಿನ ಎಲುಬನ್ನೇ ನೋಡುತ್ತ ನಿಂತ. ಅಷ್ಟು ಮಂದಿಯ ಮುಂದೆ ಅವನ ಬಲಗೈ ಮೆಲ್ಲಗೆ ಬೆನ್ನಿನ ತುದಿಯತ್ತ ಹೋಯಿತು.